ಗೆರೆಯ ಮೇಲೆ ಹತ್ತು ಹೆಜ್ಜೆ

ಹೋದ ತಿಂಗಳು ಬೆಳ್ಳಂದೂರು ಕೆರೆಯ ನೊರೆಯ ಬಗ್ಗೆ ಬರೆಯುತ್ತ, ನಮ್ಮ ಮನೆಯವರೂ ನಾನೂ ಹಳೇ ಯೆಜ್ಡಿ ಮೋಟಾರ್ ಸೈಕಲ್ ಹತ್ತಿ ಹಿಮಾಲಯಕ್ಕೆ ಹೋಗಿ ಬಂದವರು ಅಂತ ಒಂದು ಸಾಲು ಬರೆದು ಸುಮ್ಮನಾಗಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೆಷ್ಟು ಅಂತೀರಿ! ನೊರೆಯ ಬಗ್ಗೆ ಯಾರೂ ಒಂದಕ್ಷರ ಕೇಳಿಲ್ಲ. ಮಕ್ಕಳೆಲ್ಲ ಕೇಳಿರುವುದು ಒಂದೇ ಪ್ರಶ್ನೆ: “ಅಜ್ಜಿ, ಲೇಹ್ ತಲುಪಿದಿರಾ?” ನನ್ನ ವಾರಿಗೆಯವರು ಕೇಳಿರುವುದೂ ಒಂದೇ: “ಆ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮ ಬೇಕಿತ್ತು?”

ಮಕ್ಕಳಿಗೆ ಮೊದಲು ಹೇಳಿಬಿಡುತ್ತೇನೆ. ತಲುಪಲಿಲ್ಲ. ಲೇಹ್ ಇನ್ನೂ 300 ಕಿಲೋಮೀಟರ್‌ನಷ್ಟು ದೂರ ಇರುವಾಗಲೇ ತಿರುಗಿ ಬಂದೆವು. ದೊಡ್ಡವರ ಪ್ರಶ್ನೆಗೆ ಕೇಲಾಂಗ್‌ನ ಒಬ್ಬ ಡಾಕ್ಟರಮ್ಮ ಉತ್ತರ ಕೊಟ್ಟಿದ್ದಾರೆ, ಅದನ್ನು ಅವರ ಜಾಗ ಬಂದಾಗ ಹೇಳುತ್ತೇನೆ.

ಮೊದಲು ಬಂಡಿಯ ಪರಿಚಯ ಆಗಲಿ. ನಮ್ಮದು 1984ರ ಯೆಜ್ಡಿ ರೋಡ್‌ಕಿಂಗ್. ನಮ್ಮವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿ ಸೇರಿ, ದುಡ್ಡು ಕೂಡಿಟ್ಟು ಕೊಂಡದ್ದು. ನಮ್ಮ ಮದುವೆ ಆದದ್ದು 1987ರಲ್ಲಿ. ಅಂದರೆ ಈ ಮನೆಗೆ ನನಗಿಂತ ಮೂರು ವರ್ಷ ಮೊದಲೇ ಬಂದವಳು ಅವಳು. ಮಕ್ಕಳೇ, ಯೆಜ್ಡಿ ಅಂದರೆ ಪರದೇಶದ ಹೆಸರಿನ ಹಾಗೆ ಕೇಳುತ್ತದೆ, ಆದರೆ ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ಅಲ್ಲಿ ಐಡಿಯಲ್ ಜಾವಾ ಅಂತ ಒಂದು ಕಾರ್ಖಾನೆ ಇತ್ತು. 1961ರಲ್ಲಿ ಜೆಕ್ ದೇಶದ ಜಾವಾ ಬೈಕುಗಳನ್ನು ಮಾಡಲು ಶುರುಮಾಡಿ, ಆಮೇಲೆ ಯೆಜ್ಡಿ ಅಂತ ತಮ್ಮದೇ ಹೆಸರಿಟ್ಟುಕೊಂಡರು. 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಅನ್ನುವುದೂ ಇಂಡೊನೇಷ್ಯಾದ ದ್ವೀಪದ ಹೆಸರಲ್ಲ. ಯಾನೆಚೆಕ್ ಅನ್ನುವ ಕಾರ್ಖಾನೆಯ ಯಜಮಾನನ ಹೆಸರಿನ ‘ಜಾ’, ವಾಂಡರರ್ ಅನ್ನುವ ಬೈಕಿನ ‘ವಾ’ ಸೇರಿ ಆದದ್ದು. ಅವರ ಭಾಷೆಯಲ್ಲಿ ಯಾನೆಚೆಕ್ ಅಂತ ಬರೆಯುವುದು ‘ಜೆ’ ಅಕ್ಷರದಿಂದ.

ಈ ಬಂಡಿಯಲ್ಲಿ ಇನ್ನೊಂದು ಚೋದ್ಯ ಇದೆ. ಒಂದೇ ಸಿಲಿಂಡರ್, ಆದರೆ ಹೊಗೆ ಬಿಡಲು ಎರಡು ಸೈಲೆನ್ಸರ್. ಕಿಕ್‌ಗೆ ಬೇರೆ ಕಡ್ಡಿ ಇಲ್ಲ. ಗೇರ್ ಹಾಕುವ ಕಡ್ಡಿಯನ್ನೇ ಮೇಲಕ್ಕೆ ತಿರುಗಿಸಿ ತುಳಿದರೆ ಅದೇ ಕಿಕ್. ನಮ್ಮ ಅಪಾರ್ಟ್‌ಮೆಂಟಿನ ಹುಡುಗರು, ಆ ಸಾಫ್ಟ್‌ವೇರ್ ಎಂಜಿನಿಯರುಗಳು, ಅದನ್ನು ಸ್ಟಾರ್ಟ್ ಮಾಡಲು ಹೋಗಿ ಕಡ್ಡಿ ಹುಡುಕುತ್ತ ನಿಲ್ಲುವುದನ್ನು ನೋಡುವುದೇ ನಮ್ಮವರಿಗೆ ಭಾನುವಾರದ ಮನರಂಜನೆ.

ಹಿಮಾಲಯದ ಹುಚ್ಚು ಅವರಿಗೆ ಮೊದಲಿನಿಂದ ಇತ್ತು. ನನಗೆ ಹತ್ತಿದ್ದು ಮೈಸೂರಿನವರೊಬ್ಬರ ಸುದ್ದಿ ಓದಿದ ಮೇಲೆ. ದಕ್ಷಿಣಾಮೂರ್ತಿ ಕೃಷ್ಣಕುಮಾರ್ ಅವರ ಹೆಸರು ನೀವೂ ಕೇಳಿರುತ್ತೀರಿ. ತಾಯಿ ಚೂಡಾರತ್ನಮ್ಮನವರು ಸಂಸಾರದಲ್ಲೇ ಬದುಕು ಕಳೆದು, ಹತ್ತಿರದ ಬೇಲೂರು-ಹಳೇಬೀಡು ಕೂಡ ನೋಡಿಲ್ಲ ಅಂದರಂತೆ. ಮಗ ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಹಳೇ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿಯನ್ನು ಹಿಂದೆ ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ದೇಶ ಸುತ್ತಿ, ನೇಪಾಳ, ಭೂತಾನ್, ಮ್ಯಾನ್ಮಾರ್ ನೋಡಿ, ನಡುವೆ ಕೊರೊನಾ ಬಂದು ದಾರಿಯಲ್ಲಿ ಸಿಕ್ಕಿಕೊಂಡು, 2020ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ವಾಪಸಾದಾಗ ಆ ಸ್ಕೂಟರ್ ಓಡಿದ್ದು 56 ಸಾವಿರ ಕಿಲೋಮೀಟರಿಗೂ ಹೆಚ್ಚು. ಆ ತಾಯಿಗೆ ಆಗ ಎಪ್ಪತ್ತರ ಆಸುಪಾಸು. ಹಿಂದಿನ ಸೀಟಿನಲ್ಲಿ ಅವರು ಅಷ್ಟು ದೂರ ಕೂತರೆ ನಾನು ಲೇಹ್‌ವರೆಗೆ ಕೂರಲಾರೆನೇ ಅಂತ ನನಗೂ ಛಲ ಬಂತು. ಆಗ ನನಗೆ 57, ಅವರಿಗೆ 62.

ಬೆಂಗಳೂರಿನಿಂದಲೇ ಓಡಿಸಿಕೊಂಡು ಹೋಗೋಣ ಅಂತ ಅವರು. ಮೇ ಕೊನೆಯಲ್ಲಿ ನಾಗಪುರ, ಝಾನ್ಸಿಯ ಬಿಸಿಲಿನಲ್ಲಿ ಬೇಯಲು ನಾನು ಒಪ್ಪಲಿಲ್ಲ. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ, ಬಂಡಿಗೆ ಗೋಣಿಚೀಲ ಸುತ್ತಿ, ಯಶವಂತಪುರದಲ್ಲಿ ರೈಲಿಗೆ ಹಾಕಿ, ನಾವೂ ಅದೇ ರೈಲಿನಲ್ಲಿ ಕೂತು ಚಂಡೀಗಢದಲ್ಲಿ ಇಳಿದೆವು. ಅಲ್ಲಿಂದ ಮನಾಲಿ, ಲೇಹ್, ಕಾರ್ಗಿಲ್, ಶ್ರೀನಗರ, ಜಮ್ಮು. ಅದು ನಮ್ಮ ಲೆಕ್ಕಾಚಾರ. 2022ರ ಜೂನ್ ತಿಂಗಳು.

ಹೊರಡುವ ಮೊದಲು ಮೂರು ತಿಂಗಳು ತಯಾರಿ ಮಾಡಿದೆವು. ಡಾಕ್ಟರ ಹತ್ತಿರ ಹೋಗಿ ಎದೆ, ರಕ್ತ ಎಲ್ಲ ತೋರಿಸಿದ್ದಾಯಿತು. ಲಿಫ್ಟ್ ಬಿಟ್ಟು ಒಂಬತ್ತು ಮಹಡಿ ದಿನಕ್ಕೆರಡು ಸಲ ಹತ್ತಿ ಇಳಿದದ್ದಾಯಿತು. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ ಅಂತ ಮಗ ಪೋಸ್ಟ್‌ಪೇಯ್ಡ್ ಮಾಡಿಸಿಕೊಟ್ಟ. ನಾನು ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಂಡೆ. ನಮ್ಮವರು ಜೆ.ಸಿ. ರಸ್ತೆಗೆ ಹೋಗಿ ಪ್ಲಗ್, ಕ್ಲಚ್ ಕೇಬಲ್, ಟ್ಯೂಬು ತಂದರು. ಜತೆಗೆ ಒಂದು ಪುಟ್ಟ ಕಾಗದದ ಪೊಟ್ಟಣ. ಬಿಚ್ಚಿ ನೋಡಿದರೆ ಒಳಗೆ ಹಿತ್ತಾಳೆಯ ಮೂರು ಚೂರು, ಒಂದೊಂದೂ ಶರ್ಟಿನ ಗುಂಡಿಗಿಂತ ಚಿಕ್ಕದು, ನಡುವೆ ಸೂಜಿ ತೂರುವಷ್ಟು ತೂತು. “ಇದೇ ನೋಡು ನಮ್ಮನ್ನು ಬೆಟ್ಟ ಹತ್ತಿಸೋದು,” ಅಂದರು.

ಅದು ಕಾರ್ಬ್ಯುರೇಟರಿನ ಜೆಟ್. ಎಂಜಿನ್ ಉಸಿರಾಡುವುದೂ ನಮ್ಮ ಹಾಗೇ. ಗಾಳಿ ಎಳೆದುಕೊಳ್ಳುತ್ತದೆ, ಅದಕ್ಕೆ ಇಷ್ಟೇ ಅಂತ ಅಳೆದು ಪೆಟ್ರೋಲ್ ಬೆರೆಸಿಕೊಳ್ಳುತ್ತದೆ. ಆ ಅಳತೆಯ ತೂತೇ ಜೆಟ್. ಬೆಟ್ಟ ಹತ್ತಿದ ಹಾಗೆ ಗಾಳಿ ತೆಳುವಾಗುತ್ತದೆ, ಆದರೆ ಹಳೇ ಬಂಡಿಗೆ ಅದು ಗೊತ್ತಾಗುವುದಿಲ್ಲ, ಬೆಂಗಳೂರಿನಷ್ಟೇ ಪೆಟ್ರೋಲ್ ಕುಡಿಯುತ್ತದೆ. ಸುಡಲು ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಬಂಡಿ ಏದುತ್ತದೆ. ಸಣ್ಣ ತೂತಿನ ಜೆಟ್ ಹಾಕಿದರೆ ಪೆಟ್ರೋಲೂ ಕಡಿಮೆಯಾಗಿ ಲೆಕ್ಕ ಸರಿಹೋಗುತ್ತದೆ. ಈಗಿನ ಬೈಕುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದಂತೆ. ಅದಕ್ಕೇ ಹೊಸ ಬೈಕಿನ ಹುಡುಗರು ಬೆಟ್ಟದಲ್ಲಿ ಜೆಟ್ ಬದಲಿಸುವ ನಮ್ಮನ್ನು ನಿಂತು ನೋಡುತ್ತಿದ್ದರು.

ಮನಾಲಿಯವರೆಗಿನ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಲಾರಿ, ಧೂಳು, ಸೇಬಿನ ತೋಟ. ಮನಾಲಿ ಬಿಟ್ಟ ಮೇಲೆ ಅಟಲ್ ಸುರಂಗ. 2020ರ ಅಕ್ಟೋಬರ್ 3ರಂದು ತೆರೆದದ್ದು, ಉದ್ದ 9.02 ಕಿಲೋಮೀಟರ್. ಒಳಗೆ ಹೋಗುವಾಗ ಎರಡೂ ಕಡೆ ದೇವದಾರು ಕಾಡು, ಮಂಜು, ಜಿನುಗುವ ನೀರು. ಆಚೆ ಬಾಯಿಂದ ಹೊರಬಂದರೆ ಒಣ ಬೆಟ್ಟ, ಕಣ್ಣು ಕುಕ್ಕುವ ಬಿಸಿಲು. ನಾಟಕದಲ್ಲಿ ಪರದೆ ಎಳೆದ ಹಾಗೆ. ಮಳೆಯ ಮೋಡಗಳು ಈಚೆಯ ಬೆಟ್ಟಸಾಲಿನಲ್ಲೇ ಸುರಿದು ಬರಿದಾಗುವುದರಿಂದ ಆಚೆಯ ಲಾಹೌಲ್ ಕಣಿವೆಗೆ ಮಳೆ ಕಮ್ಮಿ. ಸುರಂಗ ಆಗುವ ಮೊದಲು ಆ ಕಣಿವೆಯ ಜನ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೊರಗಿನ ಲೋಕದಿಂದ ಕಡಿದುಹೋಗುತ್ತಿದ್ದರು.

ಮುಂದೆ ತಾಂಡಿ ಅನ್ನುವ ಊರು. ಅಲ್ಲೊಂದು ಪೆಟ್ರೋಲ್ ಬಂಕು, ಅದರ ಹತ್ತಿರ ಒಂದು ಹಲಗೆ: ಮುಂದಿನ ಬಂಕು 365 ಕಿಲೋಮೀಟರ್. ಲೆಕ್ಕದಲ್ಲಿ ಚುರುಕಾಗಿರುವ ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಬಂಡಿ ಇಬ್ಬರನ್ನೂ ಗಂಟುಮೂಟೆಯನ್ನೂ ಹೊತ್ತು ಬೆಟ್ಟದಲ್ಲಿ ಲೀಟರಿಗೆ 22 ಕಿಲೋಮೀಟರ್ ಕೊಡುತ್ತಿತ್ತು. ಎಷ್ಟು ಲೀಟರ್ ಬೇಕು? ದಾರಿ ತಪ್ಪಿದರೆ, ಸುತ್ತು ಬಳಸಿದರೆ ಅಂತ ಐದು ಲೀಟರ್ ಸೇರಿಸಿ. ಇದು ಟೂ-ಸ್ಟ್ರೋಕ್ ಬಂಡಿ, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಲೀಟರಿಗೆ 40 ಮಿಲಿ. ಹಾಗಾದರೆ ಎಣ್ಣೆ ಎಷ್ಟು? ನಮ್ಮವರು ಇದನ್ನೆಲ್ಲ ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ಗುಣಿಸಿದ್ದರು. ಆ ಅಂಗೈ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಮೂರು ದಿನದ ಮೇಲೆ ಇದೇ ಮನುಷ್ಯ ಎಣ್ಣೆ ಹಾಕಿದೆನೋ ಇಲ್ಲವೋ ಅಂತ ನನ್ನನ್ನು ಕೇಳಿದರು.

ತಾಂಡಿಯಲ್ಲಿ ಚಂದ್ರಾ, ಭಾಗಾ ಅನ್ನುವ ಎರಡು ನದಿಗಳು ಕೂಡಿ ಚಂದ್ರಭಾಗಾ ಆಗುತ್ತವೆ. ಅದೇ ಮುಂದೆ ಚಿನಾಬ್. ಅಲ್ಲಿನವರು ಹೇಳುವ ಕತೆ ಚೆನ್ನಾಗಿದೆ. ಚಂದ್ರಾ ಚಂದ್ರನ ಮಗಳು, ಭಾಗಾ ಸೂರ್ಯನ ಮಗ. ಮದುವೆಯಾಗಬೇಕೆಂದು ಇಬ್ಬರೂ ಬಾರಾಲಾಚಾ ಕಣಿವೆಯ ನೆತ್ತಿಗೆ ಹೋಗಿ, ಅಲ್ಲಿಂದ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಓಡಿ ಬೆಟ್ಟ ಬಳಸಿ ಬಂದು ಸೇರಬೇಕು ಅಂತ ಮಾತಾಯಿತು. ಚಂದ್ರಾ ಜಾಣೆ, ದೂರವಾದರೂ ಸಲೀಸಾದ ದಾರಿ ಹಿಡಿದು ಮೊದಲೇ ತಾಂಡಿಗೆ ಬಂದಳು. ಭಾಗಾ ಇಕ್ಕಟ್ಟಿನ ಕೊರಕಲಿನಲ್ಲಿ ಸಿಕ್ಕಿ ಒದ್ದಾಡಿ ತಡವಾಗಿ ಬಂದ. ನಮ್ಮ ದಾರಿ ಇದ್ದದ್ದು ಈ ಭಾಗಾನ ದಂಡೆಯಲ್ಲೇ, ಅವನು ಹುಟ್ಟುವ ಸೂರಜ್ ತಾಲ್ ಸರೋವರದ ಕಡೆಗೆ.

ಜಿಸ್ಪಾ ಅನ್ನುವ ಹಳ್ಳಿಯಲ್ಲಿ ಎರಡು ರಾತ್ರಿ ತಂಗಿದೆವು. ಎತ್ತರ 3,200 ಮೀಟರ್. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಬೆಂಗಳೂರು 900. ಬೆಟ್ಟಕ್ಕೆ ದೇಹ ಹೊಂದಿಕೊಳ್ಳಲು ಸಮಯ ಬೇಕು, ಅದಕ್ಕೇ ನಿಧಾನ. ಮೂರನೆಯ ದಿನ ಬಾರಾಲಾಚಾದವರೆಗೆ ಹೋಗಿ, ನೋಡಿ, ಮತ್ತೆ ಜಿಸ್ಪಾಕ್ಕೇ ಬಂದು ಮಲಗುವುದು ಅಂತ ಮಾಡಿಕೊಂಡಿದ್ದೆವು. ಹಗಲು ಎತ್ತರಕ್ಕೆ ಹತ್ತು, ರಾತ್ರಿ ತಗ್ಗಿನಲ್ಲಿ ಮಲಗು ಅನ್ನುವುದು ಬೆಟ್ಟ ಬಲ್ಲವರ ಕ್ರಮ.

ಜಿಸ್ಪಾದಲ್ಲಿ ನನ್ನ ಕೋಡುಬಳೆ ಪೊಟ್ಟಣ ತೆಗೆದು ನೋಡಿದರೆ ಬಲೂನಿನ ಹಾಗೆ ಉಬ್ಬಿತ್ತು. ಹಾಳಾಯಿತಲ್ಲ ಅಂದುಕೊಂಡೆ. ಹಾಳಾಗಿರಲಿಲ್ಲ. ಒಳಗಿದ್ದದ್ದು ಬೆಳ್ಳಂದೂರಿನ ಗಾಳಿ, ಹೊರಗಿನ ಬೆಟ್ಟದ ಗಾಳಿ ತೆಳುವಾದ್ದರಿಂದ ಅದನ್ನು ಒತ್ತಿ ಹಿಡಿಯುವವರಿಲ್ಲದೆ ಉಬ್ಬಿಕೊಂಡಿತ್ತು. ಊಟದ ಮನೆಯಲ್ಲಿ ಅನ್ನಕ್ಕೂ ಕುಕ್ಕರ್, ಬೇಳೆಗೂ ಕುಕ್ಕರ್. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗುವ ಮೊದಲೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕಡಿಮೆ. ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ.

ಮೂರನೆಯ ದಿನ ಬೆಳಿಗ್ಗೆ ದಾರ್ಚಾದಲ್ಲಿ ಚಹಾಕ್ಕೆ ನಿಂತಾಗ ಸೈನ್ಯದ ಲಾರಿಗಳ ಸಾಲೊಂದು ನಿಂತಿತ್ತು. ನಮ್ಮ ನಂಬರ್ ಪ್ಲೇಟಿನ ಕೆಎ ಅಕ್ಷರ ನೋಡಿ ಒಬ್ಬ ಜವಾನ ಓಡಿ ಬಂದ. “ಬೆಂಗ್ಳೂರಿಂದ ಬಂದೀರೇನ್ರಿ? ಯೆಜ್ಡಿ ಮ್ಯಾಲ?” ಗದಗದ ಕಡೆಯ ಹುಡುಗ. ನನ್ನ ಚಟ್ನಿಪುಡಿ ಡಬ್ಬಿಯಲ್ಲಿ ಅರ್ಧ ಅವನ ಪಾಲಾಯಿತು. ಹೊರಡುವಾಗ ನನ್ನ ಕಡೆ ತಿರುಗಿ ಹೇಳಿದ: “ಅವ್ವಾರ, ತೆಲಿ ನೋವು ಬಂದ್ರ ಮುಚ್ಚಿಡಬ್ಯಾಡ್ರಿ. ಅಣ್ಣಾರ ಮ್ಯಾಲ ನೀವು ಕಣ್ಣಿಡ್ರಿ, ನಿಮ್ಮ ಮ್ಯಾಲ ಅವ್ರು. ಡೌಟ್ ಬಂತಂದ್ರ ಒಂದು ಗೆರಿ ಎಳದು ಅದರ ಮ್ಯಾಲ ಹತ್ತು ಹೆಜ್ಜಿ ನಡಸ್ರಿ. ಹಿಮ್ಮಡಕ್ಕ ಬೆರಳು ಹಚ್ಚಿ. ವಾಲಿದ್ರ ಅಲ್ಲಿಂದ ಕೆಳಗ ಇಳೀರಿ. ದೂಸರಾ ಮಾತಿಲ್ಲ.”

ದಾರ್ಚಾ ದಾಟಿದ ಮೇಲೆ ಏರು. ಪತ್ಸಿಯೋ, ಆಮೇಲೆ ಜಿಂಗ್‌ಜಿಂಗ್ ಬಾರ್. ಹೆಸರು ಕೇಳಿ ನಗಬೇಡಿ, ಊರೂ ಅಲ್ಲ ಅದು, ನಾಲ್ಕು ಡೇರೆಯ ಚಹಾ ಅಂಗಡಿ. 4,270 ಮೀಟರ್. ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಅದಕ್ಕೆ 400 ಮೀಟರ್ ಕಮ್ಮಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ನೂರಕ್ಕೆ 21ರಷ್ಟೇ, ಆದರೆ ಗಾಳಿಯೇ ತೆಳು. ಬೆಂಗಳೂರಿನಲ್ಲಿ ಮೂರು ಉಸಿರಿಗೆ ಸಿಗುವುದರಲ್ಲಿ ಅಲ್ಲಿ ಎರಡು ಉಸಿರಿನಷ್ಟು ಮಾತ್ರ ಸಿಗುತ್ತದೆ ಅಂತ ಇಟ್ಟುಕೊಳ್ಳಿ.

ಮೊದಲು ನನಗೆ ಗೊತ್ತಾದದ್ದು ಬಂಡಿಯಿಂದ. ಹಿಂದಿನ ಸೀಟಿನಲ್ಲಿ 35 ವರ್ಷ ಕೂತವಳಿಗೆ ಮುಂದೆ ಕೂತವರ ಬೆನ್ನು ಓದಲು ಬರುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಬಂಡಿ ಎಡಕ್ಕೆ ಎಳೆಯಿತು, ಸರಿ ಮಾಡಿದರು. ಬಲಕ್ಕೆ ಎಳೆಯಿತು, ಸರಿ ಮಾಡಿದರು. ಚಕ್ರಕ್ಕೆ ಏನೋ ಆಗಿದೆ ಅಂತ ಇಳಿದು ನೋಡಿದೆವು. ಚಕ್ರ ಸರಿಯಾಗಿತ್ತು. “ಪೆಟ್ರೋಲಿಗೆ ಎಣ್ಣೆ ಬೆರೆಸಿದ್ನಾ?” ಅಂತ ಕೇಳಿದರು. ಬೆರೆಸಿದ್ದೀರಿ ಅಂದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಜಿಂಗ್‌ಜಿಂಗ್ ಬಾರಿನಲ್ಲಿ ನಿಂತಾಗ ಮೂರನೇ ಸಲ. ಕೈಗವಸಿನ ಗುಂಡಿ ಬಿಚ್ಚಲು ಹೋಗಿ ಆಗದೆ ಸಿಡುಕಿದರು. ಮಕ್ಕಳೇ, ಇವರು ಲೇತ್ ಮೇಲೆ ಕೂದಲೆಳೆಯ ವ್ಯತ್ಯಾಸವನ್ನು ಬೆರಳಲ್ಲೇ ಹೇಳುತ್ತಿದ್ದ ಮನುಷ್ಯ.

ಬಿಸ್ಕತ್ತು ತೆಗೆಯಲು ಅವರ ಚೀಲಕ್ಕೆ ಕೈ ಹಾಕಿದೆ. ತಲೆನೋವಿನ ಮಾತ್ರೆಯ ಪಟ್ಟಿ ಸಿಕ್ಕಿತು. ಹೊರಡುವಾಗ ನಾನೇ ಹತ್ತು ಎಣಿಸಿ ಇಟ್ಟದ್ದು, ಈಗ ಆರು ಇದ್ದವು. ಜಿಸ್ಪಾದ ಎರಡು ರಾತ್ರಿಯೂ ತಲೆನೋವು ಬಂದಿದೆ, ನುಂಗಿ ಸುಮ್ಮನಾಗಿದ್ದಾರೆ. ಹೇಳಿದರೆ ನಾನು ಮುಂದೆ ಹೋಗಲು ಬಿಡುವುದಿಲ್ಲ ಅಂತ.

ನಾನು ಏನೂ ಬೈಯಲಿಲ್ಲ. ಬೂಟಿನ ತುದಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದೆ.

“ರೀ, ಇದರ ಮೇಲೆ ಹತ್ತು ಹೆಜ್ಜೆ ನಡೀರಿ.”

“ಏನೇ ಇದು ಹುಡುಗಾಟ? ಇನ್ನು ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ ಬಾರಾಲಾಚಾ. ನೋಡಿಕೊಂಡು ಬಂದುಬಿಡೋಣ. ಹತ್ತು ಹೆಂಗಸು!”

“ನಡೆದು ತೋರಿಸಿ, ಹತ್ತುತ್ತೇನೆ.”

ಚಿನ್ನಿದಾಂಡು ಆಡುವಾಗ ಅಡಿ ಅಳೆಯುತ್ತೀರಲ್ಲ, ಹಿಮ್ಮಡಿಗೆ ಬೆರಳು ತಾಗಿಸಿ, ಹಾಗೆ ನಡೆಯಬೇಕು. ಮೊದಲ ಹೆಜ್ಜೆ ಸರಿಯಾಯಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ಬಲಕ್ಕೆ ವಾಲಿದರು. ನಾಲ್ಕನೆಯ ಹೆಜ್ಜೆ ಗೆರೆಯಿಂದ ಒಂದು ಮೊಳ ಆಚೆ ಬಿತ್ತು. ಆಮೇಲೆ ಗೆರೆಯ ಗೊಡವೆಯೇ ಇಲ್ಲದೆ ಉಳಿದ ಹೆಜ್ಜೆಗಳನ್ನು ಹಾಕಿ, ತಿರುಗಿ ನಿಂತು, “ಆಯ್ತಲ್ಲ, ಹತ್ತು,” ಅಂದರು.

ಅವರ ಮುಖದಲ್ಲಿ ಸುಳ್ಳಿರಲಿಲ್ಲ. ನಿಜವಾಗಿಯೂ ನೆಟ್ಟಗೆ ನಡೆದೆ ಅಂದುಕೊಂಡಿದ್ದರು. ನನಗೆ ಕೈಕಾಲು ತಣ್ಣಗಾದದ್ದು ಆಗಲೇ. ಎತ್ತರದ ಕಾಯಿಲೆ ಮಿದುಳಿಗೆ ಹತ್ತಿದರೆ ಮಿದುಳು ಊದಿಕೊಳ್ಳಲು ಶುರುವಾಗುತ್ತದೆ. ನನಗೆ ಏನೋ ಆಗಿದೆ ಅಂತ ತಿಳಿಸಬೇಕಾದದ್ದೂ ಅದೇ ಮಿದುಳು. ನಮ್ಮವರ ಭಾಷೆಯಲ್ಲೇ ಹೇಳುವುದಾದರೆ, ಸ್ಕೇಲೇ ಬಾಗಿದ್ದರೆ ಅದರಿಂದ ಅಳೆದದ್ದೆಲ್ಲ ನೆಟ್ಟಗೇ ಕಾಣುತ್ತದೆ. ಅದನ್ನು ಬಿಟ್ಟು ಹಾಗೇ ಮೇಲಕ್ಕೆ ಹೋದರೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪಿ ಜೀವಕ್ಕೇ ಬರಬಹುದು. ಮನಾಲಿಯ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಆಮ್ಲಜನಕ ಮಾರುತ್ತಾರೆ, ನಮ್ಮ ಹತ್ತಿರವೂ ಒಂದಿತ್ತು. ಅದು ಕೆಲವು ನಿಮಿಷದ ಸಮಾಧಾನ. ಅದನ್ನು ನೆಚ್ಚಿಕೊಂಡು ಮೇಲೆ ಹೋಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊದಲ ಮದ್ದು ಇಳಿಯುವುದು, ತಡಮಾಡದೆ ಇಳಿಯುವುದು.

ಆದರೆ ಇಳಿಸುವವರು ಯಾರು? ಅವರ ಕೈಗೆ ಬಂಡಿ ಕೊಡುವಂತಿಲ್ಲ. ನನಗೆ ಯೆಜ್ಡಿ ಓಡಿಸಲು ಬರುವುದಿಲ್ಲ. ಗದಗದ ಹುಡುಗನ ಲಾರಿಸಾಲು ನಮಗಿಂತ ಮುಂದೆ ಹೋಗಿಯಾಗಿತ್ತು. ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಇವರು ಆಗಲೇ ಬಂಡಿಯ ಹತ್ತಿರ ಹೋಗಿ ಕಡ್ಡಿ ಮೇಲೆ ಮಾಡುತ್ತಿದ್ದರು. ಕೀಲಿ ಕಿತ್ತುಕೊಂಡು ಪ್ರಯೋಜನ ಇಲ್ಲ, ನಮ್ಮ ಬಂಡಿಯ ಬೀಗ ಸವೆದು ಸವೆದು ಮೊಳೆ ತೂರಿಸಿದರೂ ತಿರುಗುತ್ತದೆ. ನಾನು ಬಗ್ಗಿ ಪ್ಲಗ್ಗಿನ ಟೋಪಿ ಕಿತ್ತು ಸ್ವೆಟರಿನ ಒಳಗೆ ಹಾಕಿಕೊಂಡೆ. ಒಂದೇ ಸಿಲಿಂಡರ್, ಒಂದೇ ಟೋಪಿ. ಅವರು ಆರೇಳು ಸಲ ಕಿಕ್ ಹೊಡೆದು, ಏದುಸಿರು ಬಿಟ್ಟು, ಕಲ್ಲಿನ ಮೇಲೆ ಕೂತರು. ಬೇರೆ ದಿನವಾಗಿದ್ದರೆ ಬಗ್ಗಿ ನೋಡಿದ ಕೂಡಲೇ ಕಂಡುಹಿಡಿಯುತ್ತಿದ್ದರು. ಕಂಡುಹಿಡಿಯಲಿಲ್ಲ ಅನ್ನುವುದೇ ನನಗೆ ಗೆರೆಗಿಂತ ದೊಡ್ಡ ಸಾಕ್ಷಿಯಾಯಿತು.

ಅರ್ಧ ಗಂಟೆ ರಸ್ತೆಯ ನಡುವೆ ನಿಂತಿದ್ದೆ. ಲೇಹ್‌ನಿಂದ ಖಾಲಿ ಬರುತ್ತಿದ್ದ ಲಾರಿಯೊಂದು ನಿಂತಿತು. ನನ್ನ ಹಿಂದಿ ಕೇಳಿದರೆ ನಮ್ಮ ಸೊಸೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಸರ್ದಾರ್ಜಿಗೆ ಅರ್ಥವಾಯಿತು. ಬಂಡಿ ಸೇರಿಸಿ ಕೇಲಾಂಗ್‌ವರೆಗೆ ಮೂರು ಸಾವಿರ ಅಂದ. ಎರಡೂವರೆ ಅಂದೆ. ಅಂಥ ಹೊತ್ತಿನಲ್ಲೂ ಚೌಕಾಸಿ ಮಾಡಿದಿರಾ ಅಂತ ಮಗ ಇವತ್ತಿಗೂ ಆಡಿಕೊಳ್ಳುತ್ತಾನೆ. ಬಾಯಿಗೆ ಬಂದುಬಿಟ್ಟಿತು, ಏನು ಮಾಡಲಿ! ಅಂಗಡಿಯವರು ಹಲಗೆ ಇಟ್ಟು, ಆರು ಜನ ಸೇರಿ ಯೆಜ್ಡಿಯನ್ನು ಮೇಲೆ ಹತ್ತಿಸಿ ಹಗ್ಗ ಬಿಗಿದರು. ನಾವಿಬ್ಬರೂ ಡ್ರೈವರ್ ಪಕ್ಕ ಕೂತೆವು. ಹೊರಡುವ ಮೊದಲು ನೀರಿನ ಬಾಟಲಿಯಲ್ಲಿ ಉಳಿದಿದ್ದ ಗುಟುಕನ್ನು ಅವರಿಗೆ ಕುಡಿಸಿ, ಖಾಲಿ ಬಾಟಲಿಗೆ ಮುಚ್ಚಳ ತಿರುಗಿಸಿ ಚೀಲಕ್ಕೆ ತುರುಕಿದ್ದು ನೆನಪಿದೆ. ಬೆಟ್ಟದಲ್ಲಿ ಪ್ಲಾಸ್ಟಿಕ್ ಬಿಸಾಡಬಾರದಲ್ಲ.

ಪತ್ಸಿಯೋ ದಾಟುವವರೆಗೂ ಅವರು ಮಾತಾಡಲಿಲ್ಲ. ತಲೆ ನನ್ನ ಹೆಗಲ ಮೇಲೆ. ನಾನು ಅವರ ಉಸಿರು ಎಣಿಸುತ್ತ ಕೂತಿದ್ದೆ. ಕೆಳಗೆ ಭಾಗಾ ನದಿ ನಮ್ಮ ಜತೆಗೇ ಇಳಿಯುತ್ತಿತ್ತು. ದಾರ್ಚಾ ಹತ್ತಿರ ಬಂದಾಗ ಕಣ್ಣು ಬಿಟ್ಟು, “ಬಂಡಿ ಎಲ್ಲೇ?” ಅಂದರು. ಹಿಂದೆ ಲಾರಿಯಲ್ಲಿದೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, “ಗೇರಿಗೆ ಹಾಕಿ ಕಟ್ಟಿದ್ದಾರಾ?” ಅಂತ ಕೇಳಿದರು. ನನಗೆ ಅಳು ಬಂತು. ಆ ಪ್ರಶ್ನೆ ಕೇಳುವವರು ನಮ್ಮ ಮನೆಯವರೇ.

ಕೇಲಾಂಗ್ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. ಕೊರೊನಾ ಕಾಲದಲ್ಲಿ ನಾವೆಲ್ಲ ಮನೆಯಲ್ಲಿ ಹಾಕಿಕೊಂಡು ನೋಡುತ್ತಿದ್ದದ್ದೇ. ಮನೆಯಲ್ಲಿ 97 ತೋರಿಸುತ್ತಿದ್ದವರಿಗೆ ಅಲ್ಲಿ 79. ಮೂಗಿಗೆ ಆಮ್ಲಜನಕ, ತೋಳಿಗೆ ಇಂಜೆಕ್ಷನ್. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಾನು, “ವಯಸ್ಸಾದವರು ಬರಬಾರದಿತ್ತೇನೋ,” ಅಂದದ್ದಕ್ಕೆ ನಕ್ಕು ಪಕ್ಕದ ಮಂಚ ತೋರಿಸಿದರು. ಅಲ್ಲಿ ಇಪ್ಪತ್ತೈದರ ಹುಡುಗನೊಬ್ಬ ಅದೇ ಕಾಯಿಲೆಯಿಂದ ಮಲಗಿದ್ದ, ಜಿಮ್ಮಿನಲ್ಲಿ ಬೆಳೆಸಿದ ಮೈ. “ಇದು ವಯಸ್ಸು ನೋಡಿ ಬರೋದಿಲ್ಲ, ಗಟ್ಟಿಮುಟ್ಟು ಅಂತಲೂ ಬಿಡೋದಿಲ್ಲ. ವಯಸ್ಸಾದವರು ನಿಧಾನವಾಗಿ ಹತ್ತುತ್ತಾರೆ, ಹುಡುಗರು ಓಡುತ್ತಾರೆ. ನೀವು ಇಳಿದು ಬಂದಿರಲ್ಲ, ಅದು ಸರಿಯಾಯಿತು.” ಅವರ ಹಿಂದಿಯಲ್ಲಿ ನನಗೆ ಅರ್ಥವಾದದ್ದು ಇಷ್ಟು. ಪ್ರಶ್ನೆ ಕೇಳಿದ ಅಜ್ಜ-ಅಜ್ಜಿಯರಿಗೆ ಇದನ್ನೇ ದಾಟಿಸುತ್ತಿದ್ದೇನೆ.

ಅಲ್ಲಿಂದ ಮಗನಿಗೆ ಫೋನ್ ಮಾಡಿದೆ. ಆಫೀಸು ಮುಗಿಸಿ ಇಬ್ಬಲೂರು ಸಿಗ್ನಲ್ಲಿನಲ್ಲಿ ನಿಂತಿದ್ದನಂತೆ. ಜಿಸ್ಪಾ, ದಾರ್ಚಾ, ಗೆರೆ, ಲಾರಿ, ಇಂಜೆಕ್ಷನ್ ಎಲ್ಲ ವಿವರವಾಗಿ ಹೇಳಿ ಮುಗಿಸಿದೆ. “ಈಗ ಎಲ್ಲಿದ್ದೀಯಪ್ಪ?” ಅಂದೆ. “ಅದೇ ಸಿಗ್ನಲ್ಲಮ್ಮ,” ಅಂದ.

ಎರಡನೆಯ ದಿನಕ್ಕೆ ನಮ್ಮವರು ನೆಟ್ಟಗಾದರು. ಆಸ್ಪತ್ರೆಯ ವರಾಂಡದ ಕಲ್ಲುಹಾಸಿನ ಗೆರೆಯ ಮೇಲೆ ಯಾರೂ ಕೇಳದಿದ್ದರೂ ಹತ್ತು ಹೆಜ್ಜೆ ನಡೆದು ತೋರಿಸಿದರು. ಜಿಂಗ್‌ಜಿಂಗ್ ಬಾರಿನಲ್ಲೂ ಹೀಗೇ ನಡೆದೆನಲ್ಲ ಅನ್ನುವುದು ಅವರ ವಾದ, ಇವತ್ತಿಗೂ. ಆ ನಾಲ್ಕನೆಯ ಹೆಜ್ಜೆಯನ್ನು ನಾನು ಫೋಟೊ ತೆಗೆದಿಟ್ಟುಕೊಳ್ಳಬೇಕಿತ್ತು ಅಂತ ಮೊಮ್ಮಗ ಹೇಳುತ್ತಾನೆ. ಆದರೆ ಮಾತ್ರೆ ಮುಚ್ಚಿಟ್ಟ ವಿಷಯ ತೆಗೆದರೆ ಮಾತ್ರ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಇನ್ನೂ ಮೂರು ದಿನ ಕೇಲಾಂಗ್‌ನಲ್ಲೇ ಇದ್ದು, ಬಟಾಣಿ ಹೊಲ ನೋಡಿ, ತಾಂಡಿಯ ಸಂಗಮಕ್ಕೆ ಹೋಗಿ ಒಂದು ಮಧ್ಯಾಹ್ನ ಪೂರ್ತಿ ದಂಡೆಯ ಮೇಲೆ ಕೂತಿದ್ದೆವು. ಎರಡು ನದಿಗಳ ನೀರಿನ ಬಣ್ಣ ಬೇರೆ ಬೇರೆ, ಕೂಡಿದ ಮೇಲೂ ಸ್ವಲ್ಪ ದೂರ ಬೇರೆಯಾಗಿಯೇ ಹರಿಯುತ್ತವೆ. ಆಮೇಲೆ ಬಂಡಿಗೆ ಊರಿನ ಜೆಟ್ ಮರಳಿ ಹಾಕಿ, ಬಂದ ದಾರಿಯಲ್ಲೇ ಚಂಡೀಗಢಕ್ಕೆ ಇಳಿದೆವು. ಹಿಮಾಲಯದಲ್ಲಿ ಒಂದು ತೊಟ್ಟು ತೊಂದರೆ ಕೊಡದ ಆ ಬಂಡಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಳುಗಿತು. ಎಲ್ಲಿ ಗೊತ್ತೇ? ಬೆಳ್ಳಂದೂರಿನಲ್ಲಿ, ನಮ್ಮ ಬೇಸ್‌ಮೆಂಟಿನಲ್ಲಿ. ರಿಂಗ್ ರಸ್ತೆಯಲ್ಲಿ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅದೇ ಮಳೆ. ಎಂಜಿನ್ ಬಿಚ್ಚಿ ಒಣಗಿಸಿ ಕಟ್ಟಲು ನಮ್ಮವರಿಗೆ ಎರಡು ತಿಂಗಳು ಹಿಡಿಯಿತು. ಕೆರೆಯ ನೀರಿನ ವಾಸನೆ ಸೀಟಿನಲ್ಲಿ ಇನ್ನೂ ಸ್ವಲ್ಪ ಇದೆ.

ಒಂದು ವಿಷಯ ಬಿಟ್ಟುಹೋಯಿತು. ಊರಿಗೆ ಬಂದ ಮರುದಿನ ಚೀಲ ಖಾಲಿ ಮಾಡುವಾಗ ಮೊಮ್ಮಗ ಆ ನೀರಿನ ಬಾಟಲಿ ಹೊರತೆಗೆದ. ಮುಚ್ಚಳ ಹಾಕಿದಂತೆಯೇ ಇತ್ತು, ಆದರೆ ಯಾರೋ ಎರಡೂ ಕೈಯಲ್ಲಿ ಹಿಂಡಿದ ಹಾಗೆ ಪಕ್ಕಗಳು ಒಳಕ್ಕೆ ಸೊಟ್ಟಗಾಗಿದ್ದವು. “ಯಾರಜ್ಜಿ ಇದನ್ನ ಹಿಂಡಿದ್ದು?” ಅಂದ. ಕೋಡುಬಳೆ ಪೊಟ್ಟಣದ ಕತೆ ನೆನಪು ಮಾಡಿಕೊಟ್ಟು, ಈಗ ನೀನೇ ಹೇಳು ಅಂದೆ. ಐದು ನಿಮಿಷ ಬಾಟಲಿ ತಿರುಗಿಸಿ ತಿರುಗಿಸಿ ನೋಡಿ, “ಬೆಂಗಳೂರು!” ಅಂತ ಕೂಗಿದ. ಆಮೇಲೆ ಮುಚ್ಚಳದ ಹತ್ತಿರ ಮೂಗು ಇಟ್ಟುಕೊಂಡು ಮೆಲ್ಲಗೆ ತಿರುಗಿಸಿದ. ಉಸ್ ಅಂತ ನಮ್ಮ ಅಡುಗೆಮನೆಯ ಗಾಳಿ ಒಳಕ್ಕೆ ನುಗ್ಗಿ ಬಾಟಲಿ ಟಪ್ ಅಂತ ನೆಟ್ಟಗಾಯಿತು. ತಾತನೂ ಪೇಪರ್ ಕೆಳಗಿಟ್ಟು ನೋಡಿದರು.